ಬೇರೆ ಮನೆ ಮಾಡುವ ಮೊದಲು

ನಮ್ಮ ವಾಚನಾಲಯಕ್ಕೆ ಭಾನುವಾರ ಬೆಳಿಗ್ಗೆ ಬರುವವರೆಲ್ಲರೂ ಪತ್ರಿಕೆ ಓದುವುದಕ್ಕೇ ಬರುತ್ತಾರೆಂದು ತಿಳಿಯಬಾರದು. ಕೆಲವರು ಅರ್ಜಿ ಬರೆಸಲು ಬರುತ್ತಾರೆ. ಕೆಲವರು ಸರಕಾರದಿಂದ ಬಂದ ಕಾಗದವನ್ನು ಓದಿಸಿಕೊಳ್ಳಲು ಬರುತ್ತಾರೆ. ಇನ್ನು ಕೆಲವರು ಮೂಲೆಯ ಬೆಂಚಿನ ಮೇಲೆ ಕುಳಿತು, ಉಳಿದವರು ಎದ್ದು ಹೋಗುವವರೆಗೆ ಕಾದು, ಆಮೇಲೆ ಮೆಲ್ಲನೆ ಕೇಳುತ್ತಾರೆ: "ಬ್ಯಾರೆ ಮನಿ ಮಾಡಬೇಕಂತ ಮಾಡೇವಿ. ತಪ್ಪಾದೀತೇನ್ರಿ?" ಈ ಪ್ರಶ್ನೆ ನಮ್ಮ ಬಳಿಗೆ ಮೇಲಿಂದ ಮೇಲೆ ಬರುತ್ತಿದೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಒಂದೆಡೆ ಬರೆದಿಟ್ಟರೆ ಇನ್ನಷ್ಟು ಜನರಿಗೆ ಉಪಯೋಗವಾದೀತೆಂಬ ಎಣಿಕೆಯಿಂದ ಈ ಲೇಖನವನ್ನು ಬರೆದಿದ್ದೇವೆ.

ನಾವು ವಕೀಲರಲ್ಲ, ಪಂಡಿತರಂತೂ ಅಲ್ಲ. ಭಿವಂಡಿಯ ಕಡೆಯ ಒಂದು ಬಟ್ಟೆ ಗಿರಣಿಯಲ್ಲಿ ಹಾಜರಿ ಮತ್ತು ಪಗಾರದ ಲೆಕ್ಕ ಬರೆಯುವ ಗುಮಾಸ್ತರು. ಹತ್ತನೆಯ ತರಗತಿಯಾಚೆಗೆ ಓದು ಸಾಗಲಿಲ್ಲ. ಆದರೆ ಈ ಪ್ರಶ್ನೆ ನಮ್ಮ ಮನೆಯಲ್ಲಿಯೂ ಎದ್ದಿತ್ತು, ಅದನ್ನು ಬಗೆಹರಿಸುವಲ್ಲಿ ನಾವು ತಪ್ಪಿದ್ದೂ ಉಂಟು. ಆ ತಪ್ಪಿನ ಸಂಗತಿಯನ್ನು ಮುಂದೆ ಹೇಳುತ್ತೇವೆ.

ತಂದೆತಾಯಿಗಳನ್ನು ಊರಿನಲ್ಲಿ ಬಿಟ್ಟು ಒಬ್ಬಂಟಿಯಾಗಿ ಬಂದವರ ಚಿಂತೆ ಬೇರೆ ಬಗೆಯದು. ಇಲ್ಲಿ ನಾವು ವಿಚಾರಿಸುವುದು ಮುಖ್ಯವಾಗಿ ಎರಡನೆಯ ತಲೆಮಾರಿನವರ ವಿಷಯ. ತಂದೆತಾಯಿಗಳು ಮುಂಬಯಿಗೆ ಬಂದು ಚಾಳಿನಲ್ಲಿ ಸಂಸಾರ ಹೂಡಿದರು, ಮಕ್ಕಳು ಇಲ್ಲಿಯೇ ಬೆಳೆದು ನೌಕರಿಗೆ ಸೇರಿದರು, ಮದುವೆಯಾಯಿತು, ಖೋಲಿ ಸಾಲದಾಯಿತು. ಇಂಥವರು ಹೋಗಬೇಕೋ ಇರಬೇಕೋ ಎಂಬುದೇ ಪ್ರಶ್ನೆ.

ಹಿರಿಯರ ಮಾತು

ಈ ವಿಷಯವನ್ನು ಎತ್ತಿದ ಕೂಡಲೇ ಮನೆಯಲ್ಲಿ ಬರುವ ಉತ್ತರ ಎಲ್ಲರಿಗೂ ಗೊತ್ತಿದ್ದದ್ದೇ: "ತುಂಬಿದ ಮನೆ ಒಡೆಯಬಾರದು." ಮಾತು ಒಳ್ಳೆಯದೇ. ಆದರೆ ಹಾಗೆ ಹೇಳುವ ನಮ್ಮ ತಂದೆಯವರ ತಲೆಮಾರಿನವರೇ ಮೀಸೆ ಮೂಡುವ ಮೊದಲು ತಮ್ಮ ತುಂಬಿದ ಮನೆಗಳನ್ನು ಬಿಟ್ಟು ಈ ಪಟ್ಟಣಕ್ಕೆ ಬಂದವರು. ಕುಂದಾಪುರ, ಉಡುಪಿಯ ಕಡೆಯ ಹುಡುಗರು ಹೋಟೆಲುಗಳಿಗೆ ಬಂದರು. ವಿಜಾಪುರ, ಕಲಬುರ್ಗಿಯ ಕಡೆಯವರು ಗಿರಣಿಗೂ ಕಟ್ಟಡದ ಕೆಲಸಕ್ಕೂ ಬಂದರು. ಅವರು ಹೊರಟು ಬಂದದ್ದರಿಂದ ಊರಿನ ಮನೆ ಒಡೆಯಲಿಲ್ಲ. ಅವರು ಕಳಿಸಿದ ಮನಿಯಾರ್ಡರಿನಿಂದ ಎಷ್ಟೋ ಮನೆಗಳು ಉಳಿದುಕೊಂಡವು, ಎಷ್ಟೋ ತಂಗಿಯರ ಮದುವೆಗಳಾದವು. ಹಣವೂ ಕಾಗದವೂ ಬರುವುದು ತಪ್ಪಿಹೋದ ಮನೆಗಳೇ ಒಡೆದದ್ದು.

ಇದರಿಂದ ತಿಳಿಯಬೇಕಾದ ಸಂಗತಿ ಒಂದಿದೆ. ದೂರ ಹೋದ ಮಾತ್ರಕ್ಕೆ ಮನೆ ಒಡೆಯುವುದಿಲ್ಲ. ತಾನು ಹೊತ್ತಿದ್ದ ಭಾರವನ್ನು ಯಾರಿಗೂ ಹೇಳದೆ ಕೆಳಗಿಟ್ಟು ಹೋದಾಗ ಒಡೆಯುತ್ತದೆ. ಆದುದರಿಂದ "ಹೋಗಲೋ, ಇರಲೋ?" ಎಂದು ಕೇಳುವ ಮೊದಲು "ಈ ಮನೆಯಲ್ಲಿ ಈಗ ನಾನು ಹೊತ್ತಿರುವುದು ಏನೇನು? ನಾನು ಹೋದ ಮರುದಿನ ಅದನ್ನು ಯಾರು ಹೊರುವರು?" ಎಂದು ಕೇಳಿಕೊಳ್ಳಬೇಕು. ಸ್ಥಳ, ಹಣ, ಕಾಗದಪತ್ರ ಇವುಗಳ ವಿಚಾರವೂ ಅಗತ್ಯವೇ. ಒಂದೊಂದನ್ನಾಗಿ ನೋಡೋಣ.

ಸ್ಥಳದ ಲೆಕ್ಕ

1920ರ ದಶಕದಲ್ಲಿ ವರ್ಳಿ, ನಾಯಗಾಂವ್ ಮೊದಲಾದ ಕಡೆ ಕಟ್ಟಿದ ಬಿ.ಡಿ.ಡಿ. ಚಾಳುಗಳ ಒಂದು ಖೋಲಿ 160 ಚದರ ಅಡಿ. ಬೇರೆ ಚಾಳುಗಳ ಖೋಲಿಗಳೂ ಹೆಚ್ಚುಕಡಿಮೆ ಇದೇ ಅಳತೆಯವು. ಕೆಲವು ಇನ್ನೂ ಚಿಕ್ಕವು. ಇಂಥ ಖೋಲಿಯಲ್ಲಿ ಆರು ಜನರಿದ್ದಾರೆಂದು ಇಟ್ಟುಕೊಳ್ಳೋಣ. ಒಬ್ಬ ಮನುಷ್ಯ ಕಾಲು ಚಾಚಿ ಮಲಗಲು ಆರು ಅಡಿ ಉದ್ದ, ಎರಡೂವರೆ ಅಡಿ ಅಗಲ ಬೇಕು. ಅಂದರೆ 15 ಚದರ ಅಡಿ. ಆರು ಜನರಿಗೆ 90 ಆಯಿತು. ಉಳಿದ 70 ಚದರ ಅಡಿಯಲ್ಲಿ ಒಲೆ, ನೀರಿನ ಪಿಪಾಯಿ, ಪಾತ್ರೆ ತೊಳೆಯುವ ಮೋರಿ, ಕಪಾಟು, ದೇವರ ಗೂಡು ಎಲ್ಲವೂ ಇರಬೇಕು. ರಾತ್ರಿ ಪಾಳಿ ಮುಗಿಸಿ ಬಂದವನು ಹಗಲು ಮಲಗಬೇಕು, ಮಕ್ಕಳು ಓದಬೇಕು, ಹೊಸದಾಗಿ ಬಂದ ಸೊಸೆ ಬಟ್ಟೆ ಬದಲಾಯಿಸಬೇಕು.

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆ ಖರ್ಚಿನ ವಿಷಯಕ್ಕೆ ಹೇಳಿದ್ದು. ಇಲ್ಲಿ ನಿಜವಾದ ಹಾಸಿಗೆಯೇ ಸಾಲದು. ಆದುದರಿಂದ ಸ್ಥಳ ಸಾಲದೆ ಬೇರೆ ಮನೆ ನೋಡುವವನನ್ನು ತಂದೆತಾಯಿಗಳ ಮೇಲೆ ಪ್ರೀತಿಯಿಲ್ಲದವನೆಂದು ಹಳಿಯುವುದು ನ್ಯಾಯವಲ್ಲ.

ಆದರೆ ಮನೆಯ ಜಗಳ ಸ್ಥಳದ್ದೋ ಸ್ವಭಾವದ್ದೋ ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಇದಕ್ಕೆ ಒಂದು ಸುಲಭವಾದ ಪರೀಕ್ಷೆಯಿದೆ. ಬೇಸಿಗೆಯಲ್ಲಿ ಅರ್ಧ ಮನೆಯವರು ಹದಿನೈದು ದಿನ ಊರಿಗೆ ಹೋದಾಗ, ಉಳಿದವರ ನಡುವೆ ಜಗಳ ನಿಲ್ಲುತ್ತದೆಯೇ? ನಿಂತರೆ ಅದು ಸ್ಥಳದ ಜಗಳ. ಬೇರೆ ಮನೆಯಿಂದ ವಾಸಿಯಾಗುತ್ತದೆ. ಊರಿಗೆ ಹೋದವರೂ ಇಲ್ಲಿ ಉಳಿದವರೂ ಫೋನಿನ ಮೇಲೆಯೇ ಜಗಳ ಮುಂದುವರಿಸಿದರೆ, ಅದು ಸಾಮಾನಿನ ಜೊತೆಗೆ ಟೆಂಪೋ ಹತ್ತಿ ಹೊಸ ಮನೆಗೂ ಬಂದೀತು.

ಇನ್ನೊಂದು ಮಾತು. ಚಾಳಿನ ಪುನರ್ನಿರ್ಮಾಣ ಆಗುವುದಿದ್ದರೆ ಅದು ಯಾವ ಹಂತಕ್ಕೆ ಬಂದಿದೆಯೆಂದು ವಿಚಾರಿಸಿ. ವರ್ಳಿಯ ಬಿ.ಡಿ.ಡಿ. ಚಾಳಿನ ಮೊದಲ ತಂಡದ 556 ಕುಟುಂಬಗಳಿಗೆ 2025ರ ಆಗಸ್ಟಿನಲ್ಲಿ 500 ಚದರ ಅಡಿಯ ಮನೆಗಳ ಬೀಗದ ಕೈ ಸಿಕ್ಕಿತು. ಕಟ್ಟಡ ಮೇಲೇಳುತ್ತಿರುವುದು ಕಣ್ಣಿಗೆ ಕಾಣುತ್ತಿದ್ದರೆ ಒಂದೆರಡು ವರ್ಷ ತಾಳಿಕೊಳ್ಳುವುದು ಲಾಭ. ಬರೀ ಸಭೆ, ಬರೀ ಸಹಿ ಎಂಬ ಹಂತದಲ್ಲಿದ್ದರೆ ಅದನ್ನು ನಂಬಿ ಮಕ್ಕಳ ಓದಿನ ವರ್ಷಗಳನ್ನು ಕಳೆಯಬೇಡಿ.

ಹಣದ ಲೆಕ್ಕ

ಒಂದು ಒಲೆಯನ್ನು ಎರಡು ಮಾಡಿದರೆ ಖರ್ಚು ಅರ್ಧರ್ಧ ಆಗುವುದಿಲ್ಲ. ಇದು ಎಲ್ಲರೂ ಎಡವುವ ಜಾಗ. ಎರಡು ಗ್ಯಾಸು, ಎರಡು ವಿದ್ಯುತ್ ಬಿಲ್ಲು, ಎರಡು ಕಡೆ ಹಾಲು. ಒಂದು ಉದಾಹರಣೆ ಹಾಕಿ ನೋಡೋಣ. ಅಂಕಿಗಳನ್ನು ನೀವು ನಿಮ್ಮ ಸ್ಥಿತಿಗೆ ತಕ್ಕಂತೆ ಬದಲಿಸಿಕೊಳ್ಳಿ.

ಕೈಗೆ ಬರುವ ಪಗಾರ 24,000 ರೂಪಾಯಿ ಎನ್ನಿ. ಉಪನಗರದ ಆಚೆ ಒಂದು ಚಿಕ್ಕ ಮನೆಯ ಬಾಡಿಗೆ 7,000. ದಿನಸಿ, ಹಾಲು, ಗ್ಯಾಸು ಸೇರಿ 7,000. ವಿದ್ಯುತ್ತು ಮತ್ತು ಫೋನು 1,000. ರೈಲಿನ ಪಾಸು, ರಿಕ್ಷಾ 1,500. ಮಗುವಿನ ಖರ್ಚು, ಔಷಧ 1,500. ಒಟ್ಟು 18,000 ಆಯಿತು. ಉಳಿದದ್ದು 6,000. ಇದರಲ್ಲಿ ತಂದೆತಾಯಿಗಳಿಗೆ 4,000 ಕೊಟ್ಟರೆ ಕೈಯಲ್ಲಿ 2,000 ನಿಲ್ಲುತ್ತದೆ. ಊರಿಗೊಂದು ಪ್ರಯಾಣ, ಒಂದು ಜ್ವರ, ಒಂದು ಮದುವೆಯ ಆಹೇರಿ ಬಂದರೆ ಆ 2,000 ಸಾಲದು. ಹೀಗಾದಾಗ ಮೊದಲು ಕತ್ತರಿ ಬೀಳುವುದು ತಂದೆತಾಯಿಗಳ 4,000ಕ್ಕೇ. ಏಕೆಂದರೆ ಬಾಡಿಗೆಯವನು ಬಾಗಿಲಿಗೆ ಬಂದು ಕೇಳುತ್ತಾನೆ, ತಂದೆತಾಯಿಗಳು ಕೇಳುವುದಿಲ್ಲ.

ಹೊರಡುವ ದಿನದ ಖರ್ಚು ಬೇರೆಯೇ ಇದೆ. ಡಿಪಾಜಿಟ್ಟು 30,000, ಮೊದಲ ತಿಂಗಳ ಬಾಡಿಗೆ 7,000, ದಲಾಲನಿಗೆ ಒಂದು ಬಾಡಿಗೆಯಷ್ಟು 7,000, ಕರಾರುಪತ್ರಕ್ಕೆ 2,000, ಪಾತ್ರೆ, ಒಲೆ, ಗಾದಿ, ಟೆಂಪೋ ಇವಕ್ಕೆ 10,000. ಒಟ್ಟು 56,000. ಇದನ್ನು ಬಡ್ಡಿಗೆ ತಂದು ಹೊರಟರೆ ಹೊಸ ಮನೆಯ ಮೊದಲ ವರ್ಷವೆಲ್ಲ ಸಾಲಗಾರನಿಗಾಗಿ ದುಡಿದಂತೆ.

ಇದಕ್ಕೆ ನಮ್ಮ ಸಲಹೆ ಹೀಗಿದೆ. ಹಳೆಯ ಮನೆಯಲ್ಲಿದ್ದಾಗಲೇ, ಮನೆಗೆ ಕೊಡುವುದನ್ನು ಕಡಿಮೆ ಮಾಡದೆ, ತಿಂಗಳಿಗೆ 7,000 ರೂಪಾಯಿ ಬಾಡಿಗೆ ಕೊಟ್ಟೆನೆಂದು ತಿಳಿದು ಬೇರೆ ಖಾತೆಯಲ್ಲಿ ಇಡಿ. ಎಂಟು ತಿಂಗಳಿಗೆ ಸರಿಯಾಗಿ 56,000 ಕೂಡುತ್ತದೆ. ಮೂರನೆಯ ತಿಂಗಳಿಗೇ ಆ ಖಾತೆಗೆ ಕೈ ಹಾಕಬೇಕಾಗಿ ಬಂದರೆ, ಬೇರೆ ಮನೆಯ ಕಾಲ ಇನ್ನೂ ಬಂದಿಲ್ಲವೆಂದು ತಿಳಿಯಿರಿ. ಎಂಟು ತಿಂಗಳು ನಡೆದರೆ ಹಣವೂ ಕೂಡಿತು, ಧೈರ್ಯವೂ ಬಂದಿತು.

ಹಣದ ಜೊತೆಗೆ ಹೊತ್ತನ್ನೂ ಲೆಕ್ಕ ಹಾಕಬೇಕು. ಬಾಡಿಗೆ ಅಗ್ಗವಾಗಬೇಕಾದರೆ ದೂರ ಹೋಗಬೇಕು. ಮುಂಬಯಿಯ ಮುಖ್ಯ ನಿಲ್ದಾಣದಿಂದ ಕಲ್ಯಾಣ 50 ಕಿಲೋಮೀಟರಿಗೂ ಮಿಕ್ಕಿ; ಚರ್ಚ್‌ಗೇಟಿನಿಂದ ವಿರಾರ್ ಸುಮಾರು 60 ಕಿಲೋಮೀಟರು. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ ಹೆಚ್ಚಾಯಿತೆಂದರೆ, ತಿಂಗಳಿಗೆ 25 ದಿನದಂತೆ 50 ಗಂಟೆ. ಎಂಟು ಗಂಟೆಯ ಪಾಳಿಯ ಲೆಕ್ಕದಲ್ಲಿ ಆರು ಪಾಳಿಗಿಂತ ಹೆಚ್ಚು. ಆ ದುಡಿತಕ್ಕೆ ಪಗಾರವಿಲ್ಲ. ಕೆಲಸದ ಸ್ಥಳಕ್ಕೆ ಹತ್ತಿರವಾಗುವಂತೆ ಮನೆ ಸಿಕ್ಕರೆ ಮಾತ್ರ ಈ ಲೆಕ್ಕ ತಿರುಗಿ ನಿಮ್ಮ ಕಡೆಗಾಗುತ್ತದೆ.

ಕಾಗದಪತ್ರಗಳ ಸಂಗತಿ

ಮೊದಲನೆಯದು ಪಗಡಿ ಖೋಲಿ. ಹಿರಿಯರು ಪಗಡಿ ಕೊಟ್ಟು ಹಿಡಿದ ಖೋಲಿಗಳಲ್ಲಿ ನಮ್ಮವರು ಅನೇಕರಿದ್ದಾರೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ ಪ್ರಕಾರ, ಮೂಲ ಬಾಡಿಗೆದಾರರು ತೀರಿಕೊಂಡಾಗ ಆ ಹಕ್ಕು ಮೊದಲು ಹೋಗುವುದು ಅವರೊಡನೆ ಆ ಕಾಲದಲ್ಲಿ ವಾಸವಾಗಿದ್ದ ಕುಟುಂಬದವರಿಗೆ. ಅಂಥವರು ಯಾರೂ ಇಲ್ಲದಿದ್ದರೆ ಮಾತ್ರ ಬೇರೆ ಕಡೆಯಿರುವ ವಾರಸುದಾರರ ಸರದಿ. ಒಪ್ಪಂದವಾಗದಿದ್ದರೆ ಕೋರ್ಟು ತೀರ್ಮಾನಿಸುತ್ತದೆ. ಅಂದರೆ, ಬೇರೆ ಮನೆ ಮಾಡಿದ ಹಿರಿಯ ಮಗನಿಗಿಂತ ತಂದೆಯ ಜೊತೆಗಿದ್ದ ಕಿರಿಯ ಮಗನ ಅಥವಾ ಮಗಳ ಮಾತಿಗೆ ಬಲ ಹೆಚ್ಚು. ರೇಷನ್ ಕಾರ್ಡಿನಲ್ಲಿ ಹೆಸರು ಉಳಿದಿದೆಯೆಂದು ಧೈರ್ಯವಾಗಿರಬೇಡಿ. ನಿಜವಾಗಿ ವಾಸವಿದ್ದರೋ ಇಲ್ಲವೋ ಎಂಬುದನ್ನೇ ಮುಖ್ಯವಾಗಿ ನೋಡುತ್ತಾರೆ. ಹೀಗೆ ಹೇಳಿದ್ದು ಖೋಲಿಯ ಆಸೆಗಾಗಿ ಉಸಿರು ಕಟ್ಟಿ ಅಲ್ಲಿಯೇ ಇರಿ ಎಂದಲ್ಲ. ಅಣ್ಣತಮ್ಮಂದಿರು, ಅಕ್ಕತಂಗಿಯರು ತಂದೆತಾಯಿಗಳ ಎದುರಿನಲ್ಲಿಯೇ ಕುಳಿತು ಈ ಮಾತನ್ನು ಈಗಲೇ ಆಡಿ ಮುಗಿಸುವುದು ಲೇಸು. ಹದಿಮೂರನೆಯ ದಿನ ಆಡಿದರೆ ಅದು ಜಗಳವಾಗುತ್ತದೆ.

ಎರಡನೆಯದು ಊರಿನ ಆಸ್ತಿ. ಇಲ್ಲಿ ಒಲೆ ಬೇರೆ ಮಾಡಿದರೆ ಊರಿನ ಹೊಲದಲ್ಲಿ ಪಾಲು ತಪ್ಪೀತೆಂದು ಕೆಲವರು ಅಂಜುತ್ತಾರೆ. ಬೇರೆ ಕಡೆ ವಾಸ ಮಾಡಿದ ಮಾತ್ರಕ್ಕೆ ಪಿತ್ರಾರ್ಜಿತ ಆಸ್ತಿಯಲ್ಲಿನ ಹಕ್ಕು ಹೋಗುವುದಿಲ್ಲ. 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಗಂಡುಮಕ್ಕಳ ಸಮಾನ ಹಕ್ಕಿದೆ. ಆದರೆ ತಂದೆ ಸ್ವಂತ ದುಡಿಮೆಯಿಂದ ಗಳಿಸಿದ್ದನ್ನು ಅವರು ತಮಗೆ ಬೇಕಾದವರಿಗೆ ಬರೆದುಕೊಡಬಹುದು.

ಮೂರನೆಯದು ಹೊಸ ಮನೆಯ ಕರಾರು. ಹನ್ನೊಂದು ತಿಂಗಳ ಕರಾರಿಗೆ ನೋಂದಣಿ ಬೇಡವೆಂದು ದಲಾಲರು ಹೇಳಿಯಾರು, ನಂಬಬೇಡಿ. ಮಹಾರಾಷ್ಟ್ರದಲ್ಲಿ ಇಂಥ ಕರಾರು ಬರಹದಲ್ಲಿರಬೇಕು, ನೋಂದಣಿಯಾಗಬೇಕು. ನೋಂದಾಯಿಸುವ ಹೊಣೆ ಮನೆಯ ಮಾಲಿಕರದು. ಮುದ್ರಾಂಕ ಶುಲ್ಕ ಶೇಕಡಾ 0.25, ನಗರ ಪ್ರದೇಶದಲ್ಲಿ ನೋಂದಣಿ ಶುಲ್ಕ 1,000 ರೂಪಾಯಿ. ಡಿಪಾಜಿಟ್ಟಿನ ಮೊತ್ತ ಕರಾರಿನಲ್ಲಿ ಕಾಣಿಸಲೇಬೇಕು. ಅದನ್ನು ಬ್ಯಾಂಕಿನ ಮೂಲಕವೇ ಕೊಡಿ. ನಗದು ಕೊಟ್ಟು ರಸೀತಿಯಿಲ್ಲದೆ ಬರಬೇಡಿ.

ನಾಲ್ಕನೆಯದು ತಂದೆತಾಯಿಗಳ ಪೋಷಣೆ. 2007ರಲ್ಲಿ ಕೇಂದ್ರ ಸರಕಾರ ಮಾಡಿದ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯ ಪ್ರಕಾರ, ತಮ್ಮ ಗಳಿಕೆಯಿಂದ ಜೀವನ ನಡೆಸಲಾಗದ ತಂದೆತಾಯಿಗಳನ್ನು ನೋಡಿಕೊಳ್ಳುವುದು ಮಕ್ಕಳ ಹೊಣೆ. ಮಗನೂ ಮಗಳೂ ಇದಕ್ಕೆ ಸೇರುತ್ತಾರೆ. ಬೇರೆ ಮನೆ ಮಾಡಿದ್ದೇವೆ ಎಂಬುದು ಅಲ್ಲಿ ನೆವವಾಗದು. ಕಾನೂನಿನ ಹೆದರಿಕೆಯಿಂದ ಯಾರೂ ತಾಯಿಗೆ ಅನ್ನ ಹಾಕಬೇಕಾಗಿ ಬರದಿರಲಿ. ಆದರೂ ತಿಳಿದಿರುವುದು ಒಳ್ಳೆಯದು.

ಇ.ಎಸ್.ಐ. ಇರುವ ನೌಕರರು ತಮ್ಮನ್ನೇ ಅವಲಂಬಿಸಿರುವ ತಂದೆತಾಯಿಗಳ ಹೆಸರು ಅದರಲ್ಲಿ ಸೇರಿದೆಯೇ ಎಂದು ಹೊರಡುವ ಮೊದಲೇ ನೋಡಿಕೊಳ್ಳಬೇಕು. 70 ವರ್ಷ ತುಂಬಿದವರಿಗೆ ಆಯುಷ್ಮಾನ್ ಭಾರತ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಗೆ 2024ರ ಅಕ್ಟೋಬರಿನಿಂದ ಕಾರ್ಡು ಕೊಡುತ್ತಿದ್ದಾರೆ. ಅದನ್ನು ಮಾಡಿಸಿಕೊಟ್ಟೇ ಹೊರಡಿ. ಮಗ ಹೋದ ಮೇಲೆ ಮಾಡಿಸುವವರು ಯಾರು?

ನಮ್ಮದೇ ಸಂಗತಿ

ಈಗ ನಮ್ಮ ತಪ್ಪಿನ ಮಾತಿಗೆ ಬರುತ್ತೇವೆ.

ನಮ್ಮ ತಂದೆಯವರು ವಿಜಾಪುರ ಜಿಲ್ಲೆಯವರು. ಹದಿನೇಳನೆಯ ವಯಸ್ಸಿಗೆ ಮುಂಬಯಿಗೆ ಬಂದು ಗಿರಣಿ ಸೇರಿದರು. 1982ರ ಜನವರಿ 18ರಂದು ಆರಂಭವಾದ ಮಹಾ ಮುಷ್ಕರದಲ್ಲಿ ಆ ಕೆಲಸ ಹೋಯಿತು, ಮತ್ತೆ ಸಿಗಲಿಲ್ಲ. ಆಮೇಲೆ ವಖಾರಿಗಳಲ್ಲಿ ರಾತ್ರಿ ಕಾವಲು ಮಾಡಿ ನಮ್ಮನ್ನು ಬೆಳೆಸಿದರು. ಲಾಲಬಾಗಿನ ಕಡೆ ಒಂದು ಖೋಲಿ. ನಮ್ಮ ಮದುವೆಯಾಗಿ, ಮಗುವಾಗಿ, ಅದು ರಾತ್ರಿ ಅಳುವುದೂ ಅಪ್ಪನಿಗೆ ನಿದ್ದೆ ಬಾರದಿರುವುದೂ ದಿನನಿತ್ಯದ ಜಗಳವಾಯಿತು. ನಮ್ಮ ಗಿರಣಿ ಭಿವಂಡಿಯಲ್ಲಿ. ಹೋಗಿಬರುವುದೇ ಒಂದು ಕೆಲಸ. 2019ರ ಜೂನಿನಲ್ಲಿ ಒಂದು ರಾತ್ರಿ ಮಾತಿಗೆ ಮಾತು ಬೆಳೆದು, "ನಾಳೆಯೇ ಬೇರೆ ಮನೆ ನೋಡುತ್ತೇವೆ" ಎಂದುಬಿಟ್ಟೆವು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ನಾ ಮನಿ ಬಿಟ್ಟು ಬರೂವಾಗ ನಮ್ಮಪ್ಪಗ ಕೇಳಿದ್ದಿಲ್ಲ. ನೀ ಯಾಕ ನನಗ ಹೇಳತಿ? ಹೋಗು." ಹತ್ತು ದಿನಗಳಲ್ಲಿ ಕಲ್ಯಾಣದ ಕಡೆ ಮನೆ ಹಿಡಿದು ಹೋದೆವು.

ಅವ್ವನ ಕೈಯಲ್ಲಿ ತಿಂಗಳಿಗೆ 3,000 ರೂಪಾಯಿ ಕೊಡುತ್ತಿದ್ದೆವು. ಹಣ ಕೊಟ್ಟ ಮೇಲೆ ನಮ್ಮ ಕರ್ತವ್ಯ ಮುಗಿಯಿತೆಂದುಕೊಂಡೆವು. ಒಂದು ಸಂಗತಿ ಮಾತ್ರ ನೆನಪಿಗೆ ಬರಲಿಲ್ಲ. ಅಪ್ಪನ ರಕ್ತದ ಒತ್ತಡದ ಗುಳಿಗೆಗಳನ್ನು ಪಗಾರದ ದಿನ ಸ್ಟೇಷನ್ನಿನ ಬಳಿಯ ಅಂಗಡಿಯಿಂದ ತರುತ್ತಿದ್ದವರು ನಾವೇ. ಎಷ್ಟೋ ವರ್ಷದ ರೂಢಿ; ಅದೊಂದು ಕೆಲಸವೆಂದೇ ನಮಗೆ ಅನಿಸಿರಲಿಲ್ಲ. ನಾವು ಹೋದ ಮೇಲೆ ಗುಳಿಗೆ ತರುವವರಿಲ್ಲ. ಅವ್ವನಿಗೆ ಗುಳಿಗೆಯ ಹೆಸರು ಓದಲು ಬಾರದು. ಅಪ್ಪ ಇದ್ದ ಗುಳಿಗೆಗಳನ್ನು ದಿನ ಬಿಟ್ಟು ದಿನ ತೆಗೆದುಕೊಂಡರು. ಆಮೇಲೆ ಎರಡು ದಿನಕ್ಕೊಂದು. ಆಮೇಲೆ ಅವೂ ಮುಗಿದವು. ನಾವು ಪ್ರತಿ ಭಾನುವಾರ ಹೋಗುತ್ತಿದ್ದೆವು, ಚಹ ಕುಡಿದು ಬರುತ್ತಿದ್ದೆವು. ಅವರು ಹೇಳಲಿಲ್ಲ, ನಾವು ಕೇಳಲಿಲ್ಲ.

ಅಕ್ಟೋಬರಿನಲ್ಲಿ ಒಂದು ರಾತ್ರಿ ಪಕ್ಕದ ಖೋಲಿಯವರು ಫೋನು ಮಾಡಿದರು. ನಾವು ಸಿಕ್ಕ ಗಾಡಿ ಹಿಡಿದು ಬರುವಷ್ಟರಲ್ಲಿ ಅವರೇ ಅಪ್ಪನನ್ನು ಮುನಿಸಿಪಾಲಿಟಿಯ ಆಸ್ಪತ್ರೆಗೆ ಸೇರಿಸಿದ್ದರು. ಪಾರ್ಶ್ವವಾಯು. ಡಾಕ್ಟರರು ಗುಳಿಗೆಯ ಮಾತು ಕೇಳಿದಾಗ ಅವ್ವ ನಮ್ಮ ಮುಖ ನೋಡಿದಳು. ಮುಂದೆ ಎಷ್ಟೋ ದಿನಗಳ ಮೇಲೆ, ಯಾಕೆ ಹೇಳಲಿಲ್ಲವೆಂದು ಅಪ್ಪನನ್ನು ಕೇಳಿದೆವು. ತೊದಲುತ್ತ ಅಂದರು: "ಬ್ಯಾರೆ ಆದ ಮಗನ ಕಡೆ ಏನ್ ಕೇಳೂದು?"

ಅಪ್ಪ ಬದುಕಿದ್ದಾರೆ. ಬಲಗೈ ಪೂರ್ತಿ ಮೇಲೇಳುವುದಿಲ್ಲ. ಚಹದ ಬಟ್ಟಲನ್ನು ಎಡಗೈಯಿಂದ ಹಿಡಿಯುತ್ತಾರೆ. ನಾವು ಖೋಲಿಗೆ ಹಿಂದಿರುಗಲಿಲ್ಲ. ಖೋಲಿ ಮೊದಲಿನಷ್ಟೇ ಇತ್ತು, ಮಗು ಬೆಳೆದಿತ್ತು. ಬೇರೆ ಮನೆ ಮಾಡಿದ್ದು ತಪ್ಪೆಂದು ಇಂದಿಗೂ ನಮಗೆ ಅನಿಸುವುದಿಲ್ಲ. ಮಾಡಿದ ರೀತಿ ತಪ್ಪು.

ಕೆಲಸಗಳ ಪಟ್ಟಿ

ಆಸ್ಪತ್ರೆಯಿಂದ ಬಂದ ಮೇಲೆ ಒಂದು ಹಾಳೆಯ ಮೇಲೆ ಪಟ್ಟಿ ಬರೆದೆವು. ಹೊರಡುವ ಮೊದಲೇ ಬರೆಯಬೇಕಾಗಿದ್ದ ಪಟ್ಟಿ ಅದು. ನೀವು ಬೇರೆ ಮನೆ ಮಾಡುವವರಾದರೆ ಮೊದಲು ಇದನ್ನು ಬರೆಯಿರಿ. ಒಂದು ವಾರ ಮನೆಯಲ್ಲಿ ನೀವೂ ನಿಮ್ಮ ಹೆಂಡತಿಯೂ ಮಾಡುವ ಪ್ರತಿಯೊಂದು ಕೆಲಸವನ್ನೂ, ಎಷ್ಟೇ ಚಿಕ್ಕದಿರಲಿ, ಬರೆದಿಡಿ. ಬೆಳಗಿನ ನಳದ ನೀರು ಹಿಡಿಯುವವರು ಯಾರು? ಗ್ಯಾಸಿನ ಸಿಲಿಂಡರು ಮೇಲಕ್ಕೆ ಹೊರುವವರು ಯಾರು? ಗುಳಿಗೆ ತರುವವರು, ಅದರ ಚೀಟಿ ಓದುವವರು ಯಾರು? ವಿದ್ಯುತ್ ಬಿಲ್ಲು ಕಟ್ಟುವವರು ಯಾರು? ಬ್ಯಾಂಕಿಗೆ ಜೊತೆಗೆ ಹೋಗುವವರು ಯಾರು? ಪಿಂಚಣಿ ಬರುವವರು ವರ್ಷಕ್ಕೊಮ್ಮೆ ಜೀವಂತವಿರುವ ಪ್ರಮಾಣಪತ್ರ ಕೊಡಬೇಕು. ಅದನ್ನು ಮಾಡಿಸುವವರು ಯಾರು? ರಾತ್ರಿ ಎದೆನೋವು ಬಂದರೆ ಬಾಗಿಲು ತಟ್ಟುವುದು ಯಾರದು?

ಪ್ರತಿ ಸಾಲಿನ ಮುಂದೆ ಒಂದು ಹೆಸರು ಬರೆಯಿರಿ. ಕೆಲವಕ್ಕೆ ನಿಮ್ಮದೇ ಹೆಸರು ಉಳಿಯುತ್ತದೆ, ದೂರದಿಂದಲೂ ಮಾಡಬಹುದು. ಕೆಲವಕ್ಕೆ ತಮ್ಮನದೋ ತಂಗಿಯದೋ ಹೆಸರು ಬರುತ್ತದೆ. ಅವರನ್ನು ಕೇಳಿಯೇ ಬರೆಯಬೇಕು. ಕೆಲವಕ್ಕೆ ನೆರೆಯವರ ಉಪಕಾರ ಬೇಕಾಗುತ್ತದೆ. ಅವರಿಗೆ ನಿಮ್ಮ ಫೋನ್ ನಂಬರು ಕೊಟ್ಟು ಬನ್ನಿ. ಯಾವ ಹೆಸರೂ ಸಿಗದ ಸಾಲು ಒಂದಾದರೂ ಉಳಿದರೆ, ಅದಕ್ಕೆ ವ್ಯವಸ್ಥೆಯಾಗುವವರೆಗೆ ಹೊರಡಬೇಡಿ.

ನಮ್ಮ ಮನೆಯಲ್ಲಿ ಈಗ ನಡೆಯುವುದು ಹೀಗೆ. ಗುಳಿಗೆಗಳು ವಾರದ ಏಳು ಖಾನೆಗಳಿರುವ ಡಬ್ಬಿಯಲ್ಲಿರುತ್ತವೆ. ಭಾನುವಾರ ನಾವು ತುಂಬುತ್ತೇವೆ. ಬುಧವಾರ ನಮ್ಮ ಮನೆಯವರು ಹೋಗಿ ಡಬ್ಬಿ ನೋಡಿ ಬರುತ್ತಾರೆ. ರಾತ್ರಿ ಒಂಬತ್ತಕ್ಕೆ ಫೋನು. "ಊಟ ಆಯ್ತೇನು?" ಎಂದು ಕೇಳಿದರೆ "ಆಯ್ತು" ಎಂಬ ಉತ್ತರವೇ ಬರುತ್ತದೆ. ಆದುದರಿಂದ "ಇವತ್ತು ಏನು ಅಡಿಗೆ?" ಎಂದು ಕೇಳುತ್ತೇವೆ.

ಹೆಣ್ಣುಮಕ್ಕಳ ಮಾತು

ಬೇರೆ ಮನೆಯಾದಾಗಲೆಲ್ಲ ಅಪವಾದ ಬರುವುದು ಸೊಸೆಯ ಮೇಲೆ. "ಬಂದಳು, ಮಗನನ್ನು ಕರೆದುಕೊಂಡು ಹೋದಳು" ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮಾತು ಬೆಳೆಸಿದವರು ನಾವು. ಅಪವಾದ ಹೊತ್ತವಳು ಅವಳು. ತೀರ್ಮಾನ ನಿಮ್ಮದಾಗಿದ್ದರೆ ನಿಮ್ಮದೆಂದು ನಿಮ್ಮ ಬಾಯಿಂದಲೇ ಹೇಳಿ. ಹಾಗೆಯೇ ಹೆಂಡತಿಯನ್ನು ಕೇಳದೆ ಮನೆ ಹಿಡಿಯಬೇಡಿ. ಹೊಸ ಜಾಗದಲ್ಲಿ ಹಗಲೆಲ್ಲ ಒಬ್ಬಳೇ ಇರಬೇಕಾದವಳು ಅವಳು.

ಒಂದು ಸಂದರ್ಭದಲ್ಲಿ ಮಾತ್ರ ಮೇಲಿನ ಯಾವ ಲೆಕ್ಕವೂ ಬೇಡ. ಹೊಡೆತ, ಹಿಂಸೆ ನಡೆಯುವ ಮನೆಯಿಂದ ಕೂಡಲೇ ಹೊರಬರಬೇಕು. 2005ರ ಕೌಟುಂಬಿಕ ಹಿಂಸೆಯ ಕಾಯಿದೆ ಹೆಂಗಸರಿಗೆ ರಕ್ಷಣೆಯನ್ನೂ, ಮನೆ ಯಾರ ಹೆಸರಿನಲ್ಲಿದ್ದರೂ ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಕೊಡುತ್ತದೆ. ಹೆಂಗಸರ ಸಹಾಯಕ್ಕೆ 181, ಹಿರಿಯರ ಸಹಾಯಕ್ಕೆ 14567 ನಂಬರುಗಳಿವೆ. ಹಿಂಸೆ ಹಿರಿಯರ ಮೇಲೂ ನಡೆಯುವುದುಂಟೆಂದು ಮರೆಯಬಾರದು.

ಹೇಳುವ ರೀತಿ

ಕೊನೆಯದಾಗಿ, ತೀರ್ಮಾನವನ್ನು ತಿಳಿಸುವ ಬಗೆ. ಜಗಳದ ರಾತ್ರಿ ಹೇಳಬೇಡಿ. ಹಬ್ಬದ ದಿನವೂ ಬೇಡ. ಸೋದರಮಾವನ ಮೂಲಕ, ನೆರೆಯವರ ಮೂಲಕ ತಂದೆತಾಯಿಗಳ ಕಿವಿಗೆ ಬೀಳುವಂತೆ ಮಾಡಬೇಡಿ. ಸಾಮಾನ್ಯವಾದ ಒಂದು ದಿನ, ಇಬ್ಬರೂ ಕೂಡಿ ಕುಳಿತಿರುವಾಗ, ಎದುರಿಗೆ ಕುಳಿತು ಹೇಳಿ. ಯಾಕೆ, ಎಲ್ಲಿಗೆ, ಯಾವ ತಿಂಗಳು ಎಂದು ಸ್ಪಷ್ಟವಾಗಿ ಹೇಳಿ. ಆ ಕೂಡಲೇ ಪಟ್ಟಿಯನ್ನು ಓದಿ ತೋರಿಸಿ. "ನಾನು ಹೋಗುತ್ತೇನೆ" ಎಂಬ ಮಾತು ಕೇಳಿದ ತಂದೆತಾಯಿಗಳ ಮನಸ್ಸಿನಲ್ಲಿ ಏಳುವುದು "ಇನ್ನು ನಮಗಾರು?" ಎಂಬ ಒಂದೇ ಪ್ರಶ್ನೆ. ಅವರು ಅದನ್ನು ಬಾಯಿಬಿಟ್ಟು ಕೇಳುವುದಿಲ್ಲ. ಸಿಟ್ಟಾಗಿ, ಅಳುವಾಗಿ, ಇಲ್ಲವೆ ಮೌನವಾಗಿ ಕೇಳುತ್ತಾರೆ. ಕೇಳುವ ಮೊದಲೇ ಉತ್ತರ ಕೊಡುವುದು ಮಕ್ಕಳ ಕೆಲಸ.

ಸಾಧ್ಯವಾದರೆ ಹೊಸ ಮನೆಗೆ ಮೊದಲ ದಿನ ಅವರನ್ನೇ ಕರೆದುಕೊಂಡು ಹೋಗಿ ಹಾಲುಕ್ಕಿಸಿ. ಅವರಿಗೆ ಅಲ್ಲಿ ಒಂದು ಹಾಸಿಗೆ, ಒಂದು ತಟ್ಟೆ ಇರಲಿ. ನಮ್ಮ ಮನೆಯಲ್ಲಿ ಅಪ್ಪನ ತಟ್ಟೆಯನ್ನು ಇಟ್ಟದ್ದು ಅಕ್ಟೋಬರಿನ ನಂತರ. ಅದು ಜೂನಿನಲ್ಲಿಯೇ ಇರಬೇಕಾಗಿತ್ತು.

ಪಟ್ಟಿ ಬರೆಯಲು ಸಹಾಯ ಬೇಕಾದವರು, ಕರಾರುಪತ್ರ ಓದಿಸಿಕೊಳ್ಳಬೇಕಾದವರು, ತಂದೆತಾಯಿಗಳ ಕಾರ್ಡಿಗೆ ಅರ್ಜಿ ಬರೆಸಬೇಕಾದವರು ಭಾನುವಾರ ಬೆಳಿಗ್ಗೆ ವಾಚನಾಲಯಕ್ಕೆ ಬರಬೇಕು. ಉಳಿದವರು ಎದ್ದು ಹೋಗುವವರೆಗೆ ಮೂಲೆಯಲ್ಲಿ ಕಾಯುವ ಅಗತ್ಯವಿಲ್ಲ. ಇದರಲ್ಲಿ ನಾಚುವಂಥದ್ದೇನೂ ಇಲ್ಲ; ಆ ಬೆಂಚಿನ ಮೇಲೆ ಕುಳಿತವರಲ್ಲಿ ಬಹಳ ಜನ ಇದೇ ಲೆಕ್ಕ ಹಾಕುತ್ತಿರುತ್ತಾರೆ.